ಗಂಧರಾಜ ಘಟ್ಟ ಇಳಿದ ಕಥೆ

ಕಾರವಾರಕ್ಕೆ ಬಂದ ವರ್ಷ ನಾನು ದುಡ್ಡು ಕೊಟ್ಟು ತಂದ ಮೊದಲ ಗಂಧರಾಜ ಗಂಧರಾಜವೇ ಆಗಿರಲಿಲ್ಲ. ಒಂದು ನರ್ಸರಿಗೆ ಹೋಗಿ ಗಂಧರಾಜ ಇದೆಯಾ ಅಂತ ಕೇಳಿದೆ, ಅಲ್ಲಿದ್ದ ಹುಡುಗ ಹೂಂ ಅಂತ ಒಂದು ಗಿಡ ತಂದಿಟ್ಟ, ಎಲೆ ಕಡು ಹಸಿರಾಗಿ ಮಿರಮಿರ ಮಿಂಚುತ್ತಿತ್ತು, 150 ರೂಪಾಯಿ ಕೊಟ್ಟು ಸ್ಕೂಟಿಯಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಮನೆಗೆ ತಂದೆ. ನಾಲ್ಕು ತಿಂಗಳಿಗೆ ಹೂ ಬಿಟ್ಟಿತು. ಬಿಳಿ ಹೂವು, ಸುತ್ತು ಸುತ್ತು ಎಸಳು, ನೋಡಲು ಚೆಂದ. ಮೂಗಿಗೆ ಹಿಡಿದರೆ ಏನೂ ಇಲ್ಲ. ಪಕ್ಕದ ಮನೆ ಮಾವಶಿ ಕಂಪೌಂಡ್ ಆಚೆಯಿಂದ ನೋಡಿ ನಕ್ಕರು. "ಅನಂತ ಅಲ್ಲ ಮಾರಾಯ್ತಿ ಇದು, ನಂದಿಬಟ್ಟಲು!"

ಮಾವಶಿಯದು ಕೊಂಕಣಿ ಮನೆ. ಅವರಿಗೆ ಗಂಧರಾಜ ಅಂದರೆ ಅನಂತ. ನಮ್ಮ ಶಿರಸಿ ಕಡೆ ಗಂಧರಾಜ ಅನ್ನದೆ ಬೇರೆ ಹೆಸರಿಲ್ಲ.

ಇದನ್ನು ಕೊಳ್ಳುವ ಮೊದಲು ಪತ್ತೆ ಹಚ್ಚುವುದು ಬಹಳ ಸುಲಭ. ಎಲೆಯ ತೊಟ್ಟು ಮುರಿದು ನೋಡಿ. ಬಿಳಿ ಹಾಲು ಜಿನುಗಿದರೆ ಅದು ನಂದಿಬಟ್ಟಲು. ಗಂಧರಾಜದಲ್ಲಿ ಹಾಲಿಲ್ಲ. ಗಂಧರಾಜದ ಎಲೆ ಮುಟ್ಟಿದರೆ ದಪ್ಪ, ಮೇಲೆ ಎಣ್ಣೆ ಸವರಿದ ಹಾಗೆ ಹೊಳಪು, ಒಂದೇ ಗಂಟಿನಲ್ಲಿ ಎರಡು ಇಲ್ಲಾ ಮೂರು ಎಲೆ. ನರ್ಸರಿಯವರು ನೋಡುತ್ತಿರುವಾಗಲೇ ಎಲೆ ಮುರಿಯಲು ಸಂಕೋಚ ಆಗುತ್ತದೆ ನಿಜ, ಆದರೆ 150 ರೂಪಾಯಿ ಕೊಡುವವರು ನಾವು ತಾನೇ? ಆ ನಂದಿಬಟ್ಟಲು ಈಗಲೂ ಅಂಗಳದಲ್ಲಿದೆ. ದೇವರಿಗೆ ದಿನಾ ಹೂ ಕೊಡುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ.

ನನಗೆ ಬೇಕಿದ್ದದ್ದು ತವರುಮನೆಯ ಗಂಧರಾಜ. ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ ನಮ್ಮ ಹಳ್ಳಿ. ಮನೆಯ ಮುಂದೆ ಅಂಗಳ, ಅಂಗಳ ಮುಗಿದಲ್ಲಿ ಇಳಿಜಾರು, ಆ ಅಂಚಿನಲ್ಲಿ ನನಗಿಂತ ಎತ್ತರ ಬೆಳೆದ ಗಂಧರಾಜ. ಅದಕ್ಕೆ ಯಾರೂ ಏನೂ ಮಾಡಿದ್ದನ್ನು ನಾನು ನೋಡಿಲ್ಲ. ಬೆಟ್ಟದಿಂದ ಗುಡಿಸಿ ತಂದ ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಹಾಕಿ ಉಳಿದರೆ ಅದರ ಬುಡಕ್ಕೆ ಬೀಳುತ್ತಿತ್ತು, ಅಷ್ಟೇ. ಏಪ್ರಿಲ್ ಕೊನೆಯಲ್ಲಿ ಎರಡು ಅಡ್ಡ ಮಳೆ ಬಿದ್ದರೆ ಸಾಕು, ಮೇ ತಿಂಗಳಿಡೀ ಹೂವು. ಸಂಜೆ ಒಂದು ಹೂ ಕೊಯ್ದು ಲೋಟದ ನೀರಿನಲ್ಲಿ ಇಟ್ಟರೆ ಜಗಲಿ ಪೂರ್ತಿ ಘಮ. ಆಯಿ, ಅಂದರೆ ನನ್ನಮ್ಮ, ತುರುಬಿಗೆ ಒಂದೇ ಒಂದು ಮುಡಿಯುತ್ತಿದ್ದಳು. ಮಲ್ಲಿಗೆ ಆದರೆ ಮೊಳಗಟ್ಟಲೆ ಬೇಕು, ಅಬ್ಬಲಿಗೆ ಆದರೆ ಕಟ್ಟುತ್ತಾ ಕೂರಬೇಕು, ಇದಕ್ಕೆ ಆ ಕೆಲಸ ಇಲ್ಲ. ಮೊದಲ ದಿನ ಹಾಲಿನಂತೆ ಬಿಳಿ, ಮರುದಿನ ಬೆಣ್ಣೆ ಬಣ್ಣ, ಮೂರನೇ ದಿನ ಹಳೇ ಪುಸ್ತಕದ ಹಾಳೆಯ ಹಾಗೆ ಹಳದಿ. ಬಾಡಿದ ಮೇಲೂ ಪರಿಮಳ ಹೋಗುವುದಿಲ್ಲ.

ಮೂಲದಲ್ಲಿ ಇದು ಚೀನಾ, ಜಪಾನ್ ಕಡೆಯ ಗಿಡ. ನಮ್ಮ ಮನೆಯಲ್ಲಿ ಯಾರಿಗೂ ಇದು ಹೊರಗಿನದು ಅನ್ನಿಸಿದ್ದೇ ಇಲ್ಲ! ಇಂಗ್ಲಿಷಿನಲ್ಲಿ ಇದಕ್ಕಿರುವ ಗಾರ್ಡೇನಿಯಾ ಅನ್ನುವ ಹೆಸರು ಗಾರ್ಡನ್‌ನಲ್ಲಿ ಬೆಳೆಯುತ್ತದೆ ಅಂತ ಬಂದದ್ದು ಅಂದುಕೊಂಡಿದ್ದೆ. ಹಾಗಲ್ಲವಂತೆ. ಅಲೆಕ್ಸಾಂಡರ್ ಗಾರ್ಡನ್ ಅಂತ ಒಬ್ಬ ವೈದ್ಯ ಇದ್ದ, ಸ್ಕಾಟ್ಲೆಂಡಿನವನು, ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ವೈದ್ಯಕೀಯ ಮಾಡುತ್ತಾ ಗಿಡಗಳನ್ನು ಸಂಗ್ರಹಿಸುತ್ತಿದ್ದ. ಅವನ ಹೆಸರನ್ನು 1761ರಲ್ಲಿ ಈ ಗಿಡಕ್ಕೆ ಇಟ್ಟರು. ಕಾಫಿ, ಕೇಪಳ ಎಲ್ಲ ಇದರ ಕುಟುಂಬದವೇ. ನಮ್ಮ ಬೆಟ್ಟದ ಬಿಕ್ಕೆ ಹಣ್ಣಿನ ಗಿಡ ಇನ್ನೂ ಹತ್ತಿರದ ನೆಂಟ, ಅದೂ ಗಾರ್ಡೇನಿಯಾ ಜಾತಿಯದೇ. ಚೀನಾದಲ್ಲಿ ಗಂಧರಾಜದ ಕಾಯಿಯಿಂದ ಹಳದಿ ಬಣ್ಣ ತೆಗೆಯುತ್ತಾರೆ, ಕೇಸರಿಗೆ ಬಣ್ಣ ಕೊಡುವ ಅಂಶವೇ ಅದರಲ್ಲೂ ಇದೆ. ಆದರೆ ಅದು ಒಂಟಿ ಸುತ್ತಿನ ಹೂ ಬಿಡುವ ಗಿಡದ್ದು. ನಾವು ಮನೆಯಲ್ಲಿ ಬೆಳೆಸುವ ಸುತ್ತು ಎಸಳಿನದು ಕಾಯಿ ಕಚ್ಚುವುದಿಲ್ಲ. ಹಾಗಾಗಿ ಬೀಜದ ಮಾತೇ ಇಲ್ಲ. ಕಡ್ಡಿ ನೆಡಬೇಕು, ಇಲ್ಲಾ ಗೂಟಿ ಕಟ್ಟಬೇಕು, ಅಂದರೆ ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಬೇಕು.

ಕದ್ದ ಗಿಡ ಚೆನ್ನಾಗಿ ಬರುತ್ತದೆ ಅಂತಾರಲ್ಲ, ನಾನು ತವರಿನಿಂದ ಹೇಳದೆ ಕೇಳದೆ ಹನ್ನೆರಡು ಕಡ್ಡಿ ಮುರಿದುಕೊಂಡು ಬಂದೆ. ಜೂನ್ ಕೊನೆ, ಜಡಿಮಳೆ. ಹನ್ನೆರಡನ್ನೂ ಒಂದೇ ಕುಂಡದಲ್ಲಿ ಚುಚ್ಚಿದೆ, ಹೊರಗೆ ಮಳೆಯಲ್ಲೇ ಇಟ್ಟೆ, ಮಳೆಗಾಲದಲ್ಲಿ ಏನು ನೆಟ್ಟರೂ ಹತ್ತುತ್ತದೆ ಅನ್ನುವ ಧೈರ್ಯ. ಹದಿನೈದು ದಿನಕ್ಕೆ ಬುಡ ಕಪ್ಪಾಯಿತು. ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂತು. ಒಂದೂ ಉಳಿಯಲಿಲ್ಲ. ಫೋನ್‌ನಲ್ಲಿ ಆಯಿ ಹೇಳಿದ್ದು ಇಷ್ಟೇ: "ಕದ್ದಿದ್ದು ಬರ್ತು ಹೇಳಿ ಎಲ್ಲಾ ಗಿಡಕ್ಕೂ ಗೊತ್ತಿಲ್ಲೆ."

ಮುಂದಿನ ವರ್ಷ ಅವಳೇ ಗೂಟಿ ಕಟ್ಟಿಕೊಟ್ಟಳು. ನಾನು ಪಕ್ಕದಲ್ಲಿ ನಿಂತು ಕಲಿತೆ.

ಜೂನ್ ಮೊದಲ ವಾರ, ಹೂವಿನ ಭರಾಟೆ ಮುಗಿದ ಮೇಲೆ ಕಟ್ಟುವುದು. ಪೆನ್ಸಿಲ್ ದಪ್ಪದ ಗಟ್ಟಿ ಕೊಂಬೆ ಆರಿಸಬೇಕು. ತೀರಾ ಎಳೆಯದೂ ಬೇಡ, ಕಂದು ತೊಗಟೆ ಬಿರಿದ ಮುದಿ ಕೊಂಬೆಯೂ ಬೇಡ. ತುದಿಯಿಂದ ಒಂದು ಗೇಣು ಕೆಳಗೆ, ಗಂಟಿನ ಕೆಳಗಡೆ, ಚಾಕುವಿನಿಂದ ಒಂದು ಇಂಚು ಅಗಲಕ್ಕೆ ಸುತ್ತಲೂ ಸಿಪ್ಪೆ ಬಿಡಿಸಬೇಕು, ಬಳೆ ತೆಗೆದ ಹಾಗೆ. ಇಲ್ಲಿ ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. ಸಿಪ್ಪೆ ತೆಗೆದ ಜಾಗ ಜಾರುತ್ತಿರುತ್ತದೆ, ಅಲ್ಲಿ ತೆಳುವಾದ ಹಸಿ ಪೊರೆ ಇರುತ್ತದೆ. ಅದನ್ನು ಚಾಕುವಿನ ಬೆನ್ನಿನಿಂದ ಪೂರ್ತಿ ಕೆರೆದು ತೆಗೆಯಬೇಕು. ಬಿಟ್ಟರೆ ಗಿಡ ಆ ಗಾಯವನ್ನು ಮತ್ತೆ ಮುಚ್ಚಿಕೊಳ್ಳುತ್ತದೆ, ಬೇರು ಬಿಡುವುದಿಲ್ಲ. ಎಲೆಯಲ್ಲಿ ತಯಾರಾದ ಆಹಾರ ಸಿಪ್ಪೆಯ ಮೂಲಕ ಕೆಳಗೆ ಇಳಿಯುವುದು. ದಾರಿ ಕಡಿದರೆ ಅದು ಮೇಲಿನ ಅಂಚಿನಲ್ಲೇ ನಿಲ್ಲುತ್ತದೆ, ಅಲ್ಲೇ ಗಂಟು ಕಟ್ಟಿ ಬೇರು ಒಡೆಯುತ್ತದೆ. ನೀರು ಹೋಗುವ ದಾರಿ ಒಳಗಿನ ಕಟ್ಟಿಗೆಯಲ್ಲಿ ಇರುವುದರಿಂದ ಕೊಂಬೆ ಬಾಡುವುದಿಲ್ಲ. ಕಡ್ಡಿಗೂ ಗೂಟಿಗೂ ಇರುವ ವ್ಯತ್ಯಾಸ ಇದೇ. ಕಡ್ಡಿ ಅನಾಥ, ಗೂಟಿ ಬೇರು ಬರುವ ತನಕ ತಾಯಿಯ ಹತ್ತಿರವೇ ಇರುತ್ತದೆ.

ಗಾಯದ ಸುತ್ತ ಒದ್ದೆ ಪಾಚಿ ಕಟ್ಟಬೇಕು. ಮಳೆಗಾಲದಲ್ಲಿ ಚಿರೆಕಲ್ಲಿನ ಗೋಡೆ ಮೇಲೆ, ಅಡಿಕೆ ಮರದ ಮೇಲೆ ಬೇಕಾದಷ್ಟು ಸಿಗುತ್ತದೆ. ಕರಾವಳಿಯವರಿಗೆ ತೆಂಗಿನ ನಾರಿನ ಪುಡಿಯೂ ನಡೆಯುತ್ತದೆ, ಆದರೆ ಚೆನ್ನಾಗಿ ತೊಳೆದು ಉಪ್ಪು ಬಿಡಿಸಿಕೊಳ್ಳಿ. ಹಿಂಡಿದರೆ ಎರಡು ಹನಿ ಮಾತ್ರ ಬೀಳಬೇಕು, ಅಷ್ಟು ಒದ್ದೆ ಸಾಕು. ಮೇಲೆ ಒಳಗಿನದು ಕಾಣುವ ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಾಗಿ ಕಟ್ಟುವುದು. ಆಯಿ ಬಾಳೆ ನಾರಿನಿಂದ ಕಟ್ಟಿದಳು, ನಾನು ಈಗ ಹಳೇ ಚೂಡಿದಾರದ ಲಾಡಿ ಬಳಸುತ್ತೇನೆ. ಆರರಿಂದ ಎಂಟು ವಾರಕ್ಕೆ ಪ್ಲಾಸ್ಟಿಕ್ ಒಳಗೆ ಬಿಳಿ ಬೇರು ಕಾಣುತ್ತದೆ. ಬೇರು ಕಂಡ ಕೂಡಲೇ ಕತ್ತರಿಸಲು ಕೈ ತುರಿಸುತ್ತದೆ. ಇನ್ನೂ ಹತ್ತು ದಿನ ಬಿಡಿ. ಬೇರು ಕವಲೊಡೆದು ಸ್ವಲ್ಪ ಕಂದಾಗಲಿ.

ಆಗಸ್ಟ್ ಕೊನೆಯಲ್ಲಿ ಗೂಟಿ ಕತ್ತರಿಸಿಕೊಂಡು, ಅರ್ಧ ಎಲೆ ತೆಗೆದು, ಒದ್ದೆ ಬಟ್ಟೆ ಸುತ್ತಿ ಬಸ್ ಹತ್ತಿದೆ. ಶಿರಸಿ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಂಕೋಲಾ, ಆಮೇಲೆ ಕಾರವಾರ. ತೊಡೆಯ ಮೇಲೆ ಗಿಡ. ಪಕ್ಕದ ಸೀಟಿನವರು ಇದು ಹಲಸಿನ ಸಸಿಯಾ ಅಂತ ಕೇಳಿದರು. ಹೌದು ಅಂದುಬಿಟ್ಟೆ, ವಿವರಿಸುವ ತಾಳ್ಮೆ ಇರಲಿಲ್ಲ.

ಗಿಡ ಬದುಕಿತು. ಬದುಕಿದ ಮೇಲೆಯೇ ನಿಜವಾದ ತಲೆನೋವು ಶುರುವಾಗಿದ್ದು.

ನಮ್ಮ ಮನೆ ಇರುವುದು ಸಮುದ್ರಕ್ಕೆ ಹತ್ತಿರ. ಅಂಗಳ ಅಗೆದರೆ ಬಿಳಿ ಮರಳು. ಕುಂಡಕ್ಕೆ ಅದೇ ಮರಳು, ಅದೇ ಮಣ್ಣು ಹಾಕಿದೆ. ಜೊತೆಗೆ ಒಂದು ಜಾಣತನ ಮಾಡಿದೆ. ಕುಮಟಾದ ನೆಂಟರ ಮನೆಯಿಂದ ಬಳಚು (ತಿನ್ನುವ ಚಿಪ್ಪುಜೀವಿ) ಬಂದಿತ್ತು, ಸುಕ್ಕ ಮಾಡಿ ತಿಂದು ಮುಗಿಸಿದ ಮೇಲೆ (ಆಯಿಗೆ ಇದು ಗೊತ್ತಿಲ್ಲ, ಗೊತ್ತಾಗುವುದೂ ಬೇಡ) ಚಿಪ್ಪು ಅಷ್ಟು ಚೆಂದ ಕಂಡಿತು ಅಂತ ತೊಳೆದು ಗಂಧರಾಜದ ಬುಡಕ್ಕೆ ಸುತ್ತ ಜೋಡಿಸಿದೆ. ಬಚ್ಚಲ ಒಲೆಯ ಬೂದಿ ಬೇರೆ ವಾರಕ್ಕೊಮ್ಮೆ ಹಾಕುತ್ತಿದ್ದೆ. ಗಿಡಕ್ಕೆ ಬೂದಿ ಒಳ್ಳೆಯದು ಅಲ್ವಾ?

ಡಿಸೆಂಬರ್‌ಗೆ ಹೊಸ ಎಲೆಗಳು ಹಳದಿ ಆದವು. ನರಗಳು ಮಾತ್ರ ಹಸಿರು, ನಡುವೆ ಎಲ್ಲ ನಿಂಬೆ ಹಳದಿ, ಯಾರೋ ಹಸಿರು ಪೆನ್ನಿನಿಂದ ಬಲೆ ಬರೆದ ಹಾಗೆ. ನೀರು ಕಡಿಮೆಯಾಯಿತು ಅಂದುಕೊಂಡು ಇನ್ನಷ್ಟು ನೀರು ಹೊಯ್ದೆ. ಗೊಬ್ಬರ ಕಡಿಮೆ ಅಂತ ಸಗಣಿ ಗೊಬ್ಬರ ಹಾಕಿದೆ. ಜನವರಿಗೆ ತುದಿ ಎಲೆಗಳು ಬಿಳಿಚಿಕೊಂಡವು.

ನಮ್ಮನೆಯವರು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ಒಂದು ದಿನ ಹುಳಿ ಎಷ್ಟು ಅಂತ ಅಳೆಯುವ ಪಿಎಚ್ ಕಾಗದ ತಂದರು, 7ಕ್ಕಿಂತ ಕಡಿಮೆ ತೋರಿಸಿದರೆ ಹುಳಿ, ಜಾಸ್ತಿ ಆದರೆ ಸುಣ್ಣದ ಗುಣ. ಕುಂಡದ ಮಣ್ಣನ್ನು ನೀರಿನಲ್ಲಿ ಕಲಸಿ, ತಿಳಿ ನೀರಿಗೆ ಕಾಗದ ಅದ್ದಿದರೆ 8 ತೋರಿಸಿತು. ಸಂಕ್ರಾಂತಿಗೆ ತವರಿಗೆ ಹೋದಾಗ ಅಲ್ಲಿನ ಗಿಡದ ಬುಡದ ಮಣ್ಣನ್ನೂ ಪೊಟ್ಟಣ ಕಟ್ಟಿಕೊಂಡು ಬಂದೆ. ಅದು ಐದೂವರೆ. ಅಲ್ಲಿಗೆ ಎಲ್ಲ ಅರ್ಥ ಆಯಿತು.

ಗಂಧರಾಜಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 5ರಿಂದ 6.5ರ ಒಳಗೆ. ಸುಣ್ಣ ಜಾಸ್ತಿ ಆದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಡಕೆ ತುಂಬ ಅನ್ನ ಇದೆ, ಮುಚ್ಚಳ ತೆಗೆಯಲಾಗುತ್ತಿಲ್ಲ ಅನ್ನುವ ಪರಿಸ್ಥಿತಿ. ಬಳಚಿನ ಚಿಪ್ಪು ಅಂದರೆ ಸುಣ್ಣವೇ, ನಮ್ಮ ಕಡೆ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದದ್ದು. ಬೂದಿಯೂ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಕಡಲ ದಂಡೆಯ ಮರಳಿನಲ್ಲಿ ಚಿಪ್ಪಿನ ಚೂರು ಇದ್ದೇ ಇರುತ್ತದೆ. ಸಾಲದ್ದಕ್ಕೆ ಕುಂಡ ಇಟ್ಟಿದ್ದು ಹೊಸದಾಗಿ ಸಿಮೆಂಟ್ ಮಾಡಿದ ಕಂಪೌಂಡ್ ಪಕ್ಕ. ನಾನು ಗಿಡಕ್ಕೆ ನಾಲ್ಕೂ ದಿಕ್ಕಿನಿಂದ ಸುಣ್ಣ ತಿನ್ನಿಸುತ್ತಿದ್ದೆ. ಘಟ್ಟದ ಮೇಲೆ ಕೆಂಪು ಕಲ್ಲುಮಣ್ಣು, ಅಷ್ಟು ಮಳೆಗೆ ಸುಣ್ಣದ ಅಂಶ ತೊಳೆದು ಹೋಗಿ ಹುಳಿ ಉಳಿದ ಮಣ್ಣು, ಮೇಲೆ ಕೊಳೆಯುವ ದರಕು. ಆಯಿಯ ಗಿಡಕ್ಕೆ ಪುಕ್ಕಟೆ ಸಿಗುತ್ತಿದ್ದದ್ದನ್ನೆಲ್ಲ ನಾನಿಲ್ಲಿ ಕೈಯಾರೆ ಮಾಡಬೇಕಿತ್ತು.

ಒಂದು ಮಾತು ಮರೆಯುವ ಮೊದಲು ಹೇಳಿಬಿಡುತ್ತೇನೆ. ಎಲ್ಲ ಹಳದಿ ಎಲೆಯೂ ಕಬ್ಬಿಣದ ಕೊರತೆ ಅಲ್ಲ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾಗಿ ಉದುರಿದರೆ ಅದು ವಯಸ್ಸು, ವರ್ಷವಿಡೀ ಹಸಿರಾಗಿರುವ ಗಿಡವೂ ಎಲೆ ಬದಲಿಸುತ್ತದೆ. ಮೇಲಿನ ಹೊಸ ಎಲೆ, ಹಸಿರು ನರ, ನಡುವೆ ಹಳದಿ, ಹೀಗಿದ್ದರೆ ಮಾತ್ರ ಕಬ್ಬಿಣ ಅಂತ ತಿಳಿಯಿರಿ.

ಗಿಡ ಕಿತ್ತು ಮಣ್ಣೇ ಬದಲಿಸಿದೆ. ಗುಡ್ಡದ ಕೆಂಪು ಮಣ್ಣು ಎರಡು ಬುಟ್ಟಿ, ಕೊಳೆತ ದರಕು ಎರಡು ಬುಟ್ಟಿ, ಹಳೇ ಸಗಣಿ ಗೊಬ್ಬರ ಒಂದು, ಹೊಳೆ ಮರಳು ಒಂದು. ಕಡಲ ಮರಳು ಬೇಡವೇ ಬೇಡ. ಕುಂಡದ ಕೆಳಗೆ ಎರಡು ಚಿರೆಕಲ್ಲಿನ ತುಂಡು ಇಟ್ಟು ಎತ್ತರಿಸಿದೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಗಂಧರಾಜಕ್ಕೆ ಬುಡ ತಂಪಾಗಿರಬೇಕು, ಆದರೆ ನೀರು ನಿಲ್ಲಬಾರದು. ಅನ್ನಭೇದಿ ಅಂತ ಹಸಿರು ಹರಳು ಸಿಗುತ್ತದೆ, ಕಬ್ಬಿಣದ ಉಪ್ಪು. ಲೀಟರ್ ನೀರಿಗೆ 3 ಗ್ರಾಂ, ಜೊತೆಗೆ ನಾಲ್ಕು ಹನಿ ನಿಂಬೆರಸ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿದೆ, ಹದಿನೈದು ದಿನಕ್ಕೊಮ್ಮೆ ಮೂರು ಸಲ. ಹಳದಿ ಎಲೆ ಅರೆಬರೆ ಸುಧಾರಿಸಿತು, ಹೊಸದಾಗಿ ಬಂದವು ಪೂರ್ತಿ ಹಸಿರು. ಬಿಳಿ ಬಟ್ಟೆಗೆ ತಾಗಿಸಿಕೊಳ್ಳಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ.

ಚಹಾ ಚರಟ ಹಾಕಿ, ವಿನೆಗರ್ ಹಾಕಿ ಅಂತ ಯೂಟ್ಯೂಬ್‌ನಲ್ಲಿ ಬಹಳ ಹೇಳುತ್ತಾರೆ. ಚರಟ ಗೊಬ್ಬರವಾಗಿ ಹಾಕಿ, ತೊಂದರೆ ಇಲ್ಲ, ಅದೊಂದರಿಂದಲೇ ಚಿಪ್ಪಿನ ಮಣ್ಣು ಹುಳಿ ಆಗುವುದಿಲ್ಲ. ವಿನೆಗರ್ ಉಪ್ಪಿನಕಾಯಿಗೆ ಇರಲಿ.

ನೀರಿನ ಕಥೆ ಇನ್ನೊಂದು. ಏಪ್ರಿಲ್ ಬಂತೆಂದರೆ ನಮ್ಮ ಬಾವಿ ನೀರು ಸಪ್ಪೆ ಉಪ್ಪು. ಕುಡಿಯಲು ಹೇಗೂ ನಳ್ಳಿ ನೀರು, ಗಿಡಗಳಿಗೆ ಅದೇ ಬಾವಿ ನೀರು ಹೊಯ್ಯುತ್ತಿದ್ದೆ. ಗಂಧರಾಜದ ಎಲೆಯ ಅಂಚು ಕಂದಾಗಿ ಸುಟ್ಟ ಹಾಗಾಯಿತು. ಈಗ ಅಕ್ಟೋಬರ್‌ನ ಕೊನೇ ಮಳೆಗೆ ಎರಡು ಡ್ರಮ್ಮು ತುಂಬಿಸಿ, ಸೊಳ್ಳೆ ಬಾರದಂತೆ ಬಟ್ಟೆ ಬಿಗಿದು ಇಡುತ್ತೇನೆ. ಅದು ಗಂಧರಾಜಕ್ಕೆ ಮಾತ್ರ. ಮನೆಯಲ್ಲಿ ಇದಕ್ಕೆ ತೀರ್ಥ ಅಂತ ಹೆಸರಿಟ್ಟಿದ್ದಾರೆ. ಕುಂಡವನ್ನು ಪಶ್ಚಿಮದಿಂದ ತೆಗೆದು ಮನೆಯ ಪೂರ್ವಕ್ಕೆ ಇಟ್ಟೆ, ಬೆಳಗಿನ ಬಿಸಿಲು ಹನ್ನೊಂದರ ತನಕ ಬೀಳುತ್ತದೆ, ಕಡಲ ಉಪ್ಪುಗಾಳಿ ನೇರ ಬಡಿಯುವುದಿಲ್ಲ.

ಇಷ್ಟಾದರೂ ಮೊದಲ ಸಲ ಬಂದ ಮೊಗ್ಗು ನಿಲ್ಲಲಿಲ್ಲ. ಇಪ್ಪತ್ತೆಂಟು ಮೊಗ್ಗು ಎಣಿಸಿದ್ದೆ. ಹಸಿರು ತಿರುಪಿನಂತೆ ಸುತ್ತಿಕೊಂಡು ಬಿಳಿ ತುದಿ ಕಾಣುವ ಹೊತ್ತಿಗೆ ಒಂದೊಂದೇ ಉದುರಿದವು. ನಾಲ್ಕು ಹೂ ಅರಳಿದವು. ಗಂಧರಾಜಕ್ಕೆ ಮೊಗ್ಗು ಕೂರಲು ತಂಪು ರಾತ್ರಿ ಬೇಕು. ಶಿರಸಿ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ 15 ಡಿಗ್ರಿ ಹತ್ತಿರ ಇಳಿಯುತ್ತದೆ. ಇಲ್ಲಿ 20ರ ಸುತ್ತಮುತ್ತ. ಅದನ್ನು ನಾನು ಬದಲಿಸಲಾರೆ. ಆದರೆ ಮೊಗ್ಗಿದ್ದಾಗ ಕುಂಡ ಅತ್ತಿತ್ತ ಸರಿಸಿದ್ದು, ಒಂದು ಮದುವೆಗೆ ಹೋಗಿ ಮೂರು ದಿನ ನೀರು ತಪ್ಪಿಸಿ ನಾಲ್ಕನೇ ದಿನ ಕೊಡಗಟ್ಟಲೆ ಹೊಯ್ದಿದ್ದು, ಎರಡೂ ನನ್ನದೇ ಕೆಲಸ. ಈಗ ಫೆಬ್ರವರಿಯಿಂದ ಕುಂಡ ಮುಟ್ಟುವುದಿಲ್ಲ. ಬುಡಕ್ಕೆ ನಾಲ್ಕು ಬೆರಳು ದಪ್ಪ ದರಕು, ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು. ಕಳೆದ ಬೇಸಿಗೆಯಲ್ಲಿ ಮೂವತ್ತರ ಹತ್ತಿರ ಹೂ. ತವರಿನ ಗಿಡದ ಮುಂದೆ ಇದೇನೂ ಅಲ್ಲ, ಕಾರವಾರದ ಮಟ್ಟಿಗೆ ನನಗೆ ಹೆಮ್ಮೆ.

ಹುಳದ ವಿಷಯ. ಹಿಟ್ಟು ತಿಗಣೆ ಬರುತ್ತದೆ, ಅದರ ಹಿಂದೆ ಇರುವೆ, ಎಲೆ ಮೇಲೆ ಕಪ್ಪು ಮಸಿ. ಬೇವಿನೆಣ್ಣೆ, ಸೋಪಿನ ನೀರು, ಅಷ್ಟೇ. ಸೆಪ್ಟೆಂಬರ್‌ನಲ್ಲಿ ಬಂದ ಅತಿಥಿ ಮಾತ್ರ ಬೇರೆ. ಎರಡು ದಿನದಲ್ಲಿ ಎಳೆ ಎಲೆಗಳೆಲ್ಲ ಮಾಯ, ಬರೀ ಕಡ್ಡಿ ನಿಂತಿದೆ. ಹುಡುಕಿದರೆ ಏನೂ ಕಾಣುವುದಿಲ್ಲ. ಕೆಳಗೆ ನೆಲದ ಮೇಲೆ ಸಾಸಿವೆಗಿಂತ ದೊಡ್ಡ ಕಪ್ಪು ಹಿಕ್ಕೆ ಬಿದ್ದಿತ್ತು, ಅದರ ನೇರ ಮೇಲೆ ನೋಡಿದರೆ ಎಲೆಯಷ್ಟೇ ಹಸಿರು ಹುಳ, ಬೆರಳಷ್ಟು ಉದ್ದ, ಹಿಂಭಾಗದಲ್ಲಿ ಒಂದು ಕೊಂಬು. ಮಗಳು ಅದನ್ನು ಡಬ್ಬಿಯಲ್ಲಿ ಹಾಕಿ ಗಂಧರಾಜದ ಎಲೆ ಕೊಟ್ಟು ಸಾಕಿದಳು (ಎಲೆ ಯಾರದು ಅಂತ ನಾನು ಕೇಳಲಿಲ್ಲ). ಕೋಶ ಕಟ್ಟಿತು, ಆಮೇಲೆ ಒಂದು ಬೆಳಿಗ್ಗೆ ಪತಂಗ ಹೊರಬಂತು. ರೆಕ್ಕೆ ಬಡಿದಂತೆ ಮೇಲಿನ ಹುಡಿ ಉದುರಿ ರೆಕ್ಕೆ ಗಾಜಿನ ಹಾಗೆ ಪಾರದರ್ಶಕವಾಯಿತು. ಹಗಲಲ್ಲೇ ಹಾರುವ, ದುಂಬಿಯ ಹಾಗೆ ಕಾಣುವ ಪತಂಗ ಅದು. ಅಂದಿನಿಂದ ಹುಳ ಕಂಡರೆ ಕೈಯಿಂದ ತೆಗೆಯುತ್ತೇನೆ, ಔಷಧ ಹೊಡೆಯುವುದಿಲ್ಲ. ಒಂದೆರಡನ್ನು ಮಗಳ ಪಾಲಿಗೆ ಬಿಡುತ್ತೇನೆ.

ಕಡ್ಡಿಯ ಸೋಲನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಹೂ ಮುಗಿದ ಕೂಡಲೇ ಗಿಡ ಕತ್ತರಿಸಬೇಕು, ತಡ ಮಾಡಿದರೆ ಮುಂದಿನ ವರ್ಷದ ಮೊಗ್ಗನ್ನೇ ಕತ್ತರಿಸಿದ ಹಾಗೆ. ಹೇಗೂ ಕತ್ತರಿಸಿದ ತುಂಡು ಎಸೆಯುವುದೇ. ಅದರಲ್ಲಿ ಆರಿಸಿ, ಗೇಣಿಗಿಂತ ಸ್ವಲ್ಪ ಗಿಡ್ಡ, ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಕಡ್ಡಿ ತೆಗೆದುಕೊಂಡೆ. ಮೇಲೆ ಎರಡು ಎಲೆ ಬಿಟ್ಟು ಉಳಿದದ್ದು ತೆಗೆದೆ, ಆ ಎರಡನ್ನೂ ಅರ್ಧಕ್ಕೆ ಕತ್ತರಿಸಿದೆ. ಗಂಟಿನ ಕೆಳಗೆ ಓರೆಯಾಗಿ ಕೊಯ್ದು ಹೊಳೆ ಮರಳು, ನಾರಿನ ಪುಡಿ ಸಮಸಮ ಬೆರೆಸಿ ನೆಟ್ಟೆ. ಮುಖ್ಯ ಅಂದರೆ ಈ ಸಲ ಮಳೆಗೆ ಇಡಲಿಲ್ಲ. ಜಗಲಿಯ ಒಳಗೆ, ಬೆಳಕು ಬೀಳುವಲ್ಲಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ಎರಡು ದಿನಕ್ಕೊಮ್ಮೆ ಗಾಳಿ ಆಡಿಸಿದೆ. ಎಲೆಗೆ ತೇವ ಬೇಕು, ಬುಡಕ್ಕೆ ಕೆಸರು ಬೇಡ. ಮಳೆಯಲ್ಲಿ ನಾನು ಕೊಟ್ಟದ್ದು ಉಲ್ಟಾ ಆಗಿತ್ತು. ಹನ್ನೆರಡರಲ್ಲಿ ಒಂಬತ್ತು ಹತ್ತಿದವು, ಆರು ವಾರ ಬೇಕಾಯಿತು. ಎರಡು ಕಡ್ಡಿ ನೀರಿನ ಬಾಟಲಿಯಲ್ಲಿ ಹಾಕಿ ಅಡುಗೆಮನೆ ಕಿಟಕಿಯಲ್ಲಿಟ್ಟಿದ್ದೆ, ಅವೂ ಬೇರು ಬಿಟ್ಟವು, ಆದರೆ ಆ ಬೇರು ಬಹಳ ಪೆಳಸು, ಮಣ್ಣಿಗೆ ಹಾಕುವಾಗ ಒಂದರದ್ದು ಪೂರ್ತಿ ಮುರಿಯಿತು.

ಹಾಗಾದರೆ ಗೂಟಿಯಾ ಕಡ್ಡಿಯಾ? ಹತ್ತು ಗಿಡ ಬೇಕಿದ್ದರೆ ಕಡ್ಡಿ. ಒಂದೇ ಗಿಡ ಬೇಕು, ಅದು ಖಂಡಿತ ಬೇಕು, ಬೇಗ ಹೂ ಬಿಡಬೇಕು ಅಂದರೆ ಗೂಟಿ. ನನ್ನ ಗೂಟಿ ಗಿಡ ಎರಡನೇ ಬೇಸಿಗೆಗೇ ಹೂ ಕೊಟ್ಟಿತು. ಕಡ್ಡಿಯವು ಇನ್ನೂ ಮೊಣಕಾಲೆತ್ತರ, ಮೊಗ್ಗಿನ ಸುದ್ದಿ ಇಲ್ಲ.

ಈ ಜೂನ್‌ನಲ್ಲಿ ನನ್ನ ಗಿಡಕ್ಕೆ ಮೂರು ಗೂಟಿ ಕಟ್ಟಿದ್ದೇನೆ. ಒಂದು ಮಾವಶಿಗೆ, ಅವರು ಈಗಾಗಲೇ ಜಾಗ ಆರಿಸಿ ಇಟ್ಟಿದ್ದಾರೆ, ಕಂಪೌಂಡಿನ ಸಿಮೆಂಟಿನಿಂದ ಆರು ಅಡಿ ದೂರ. ಇನ್ನೊಂದು ಬಸ್ಸಿನಲ್ಲಿ ಹಲಸು ಅಂತ ಸುಳ್ಳು ಹೇಳಿದ್ದಕ್ಕೆ ಪ್ರಾಯಶ್ಚಿತ್ತ, ಯಾರಾದರೂ ಕೇಳಿದರೆ ಕೊಡುವುದು. ಮೂರನೆಯದರ ಪ್ಲಾಸ್ಟಿಕ್ ಒಳಗೆ ನಿನ್ನೆಯಿಂದ ಕೆಂಪಿರುವೆ ಓಡಾಡುತ್ತಿವೆ, ನಾಳೆ ಬಿಚ್ಚಿ ನೋಡಬೇಕು.